ದುರ್ಗ ಸಿಕ್ಕಿದರೆ ದೇವದುರ್ಗ ಸಿಕ್ಕಂತೆಯೇ?

ಹೂ ಬಿಟ್ಟ ಮೆಣಸಿನ ಗಿಡದ ಟೊಂಗೆಯನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ಕೊಡವಿದರೆ ಸಾಸಿವೆಗಿಂತ ಸಣ್ಣ ಕಪ್ಪು ಗೆರೆಗಳು ಉದುರಿ ಹರಿದಾಡುತ್ತವೆ. 2021ರ ಕೊನೆಯಲ್ಲಿ ರಾಯಚೂರು ಸೀಮೆಯ ಮೆಣಸಿನಕಾಯಿ ಬೆಳೆಗಾರರ ನಿದ್ದೆಗೆಡಿಸಿದ ಕಪ್ಪು ನುಸಿ, ಥ್ರಿಪ್ಸ್ ಪಾರ್ವಿಸ್ಪೈನಸ್, ಇದೇ. ನಮ್ಮಲ್ಲಿ ಮೊದಲಿನಿಂದ ಇದ್ದ ಮೆಣಸಿನ ನುಸಿ ತಿಳಿಹಳದಿ, ಎಳೆ ಎಲೆಗೆ ಬೀಳುತ್ತಿತ್ತು. ಇದು ಹೂವಿಗೇ ಬಾಯಿ ಹಾಕುತ್ತದೆ. ಆದರೆ ಇದರ ಗಂಡೂ ಹಳದಿಯೇ! ಬಣ್ಣ ನಂಬುವಂತಿಲ್ಲವಾದ್ದರಿಂದ ಡಿಎನ್‌ಎ ಅಕ್ಷರಗಳನ್ನು ಓದಿಸಿ, ಈಗಾಗಲೇ ಓದಿಟ್ಟ ಡಿಎನ್‌ಎಗಳ ಭಂಡಾರದಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್ ಎಂಬ ಸಾಧನಕ್ಕೆ ಕೊಡುತ್ತಾರೆ. (ಮಾನ್ವಿಯ ಭತ್ತದ ಗದ್ದೆಗಳಲ್ಲಿ ಬ್ಲಾಸ್ಟ್ ಎಂದರೆ ಬೆಂಕಿರೋಗ. ಇದು ಬೇರೆ.)

ತಪ್ಪು ಕಲ್ಪನೆ: “ನೂರಕ್ಕೆ ನೂರು ಹೊಂದಿದರೆ ಅದೇ ಕೀಟ.”

1990ರಲ್ಲಿ ಸ್ಟೀಫನ್ ಆಲ್ಟ್‌ಶುಲ್ ಮತ್ತು ನಾಲ್ವರು ಸಂಗಡಿಗರು ಪ್ರಕಟಿಸಿದ ಈ ಸಾಧನ ಇಡೀ ಭಂಡಾರವನ್ನು ಅಕ್ಷರಕ್ಕಕ್ಷರ ಹೋಲಿಸುತ್ತ ಕೂರುವುದಿಲ್ಲ. ಮೊದಲು ಪುಟ್ಟ ತುಣುಕೊಂದನ್ನು ಹಿಡಿಯುತ್ತದೆ. ಊರುಗಳ ಪಟ್ಟಿಯಲ್ಲಿ “ದುರ್ಗ” ಹುಡುಕಿ ನೋಡಿ: ದೇವದುರ್ಗ, ಚಿತ್ರದುರ್ಗ, ರಾಯದುರ್ಗ ಮೂರೂ ಸಿಗುತ್ತವೆ, ಮೂರೂ ಪೂರ್ತಿ ಹೊಂದುತ್ತವೆ. ತುಣುಕಿನ ಎರಡೂ ಬದಿಗೆ ಹೋಲಿಕೆ ಚಾಚಿದಾಗಲೇ ಊರು ಯಾವುದೆಂದು ಬೇರ್ಪಡುವುದು. ಕೀಟ ಗುರುತಿಸಲು ಬಳಸುವ ಸಿಓಐ ಜೀನಿನ ತುಣುಕು ಸುಮಾರು 658 ಅಕ್ಷರ. ಅದರಲ್ಲಿ ನೂರೇ ಅಕ್ಷರ ಹೊಂದಿದರೂ ಆ ನೂರರ ಮಟ್ಟಿಗೆ “ಶೇ 100” ಎಂದೇ ತೋರುತ್ತದೆ. ಹಾಗಾಗಿ ಶೇಕಡಾವಾರಿನ ಪಕ್ಕದಲ್ಲಿರುವ ಇನ್ನೊಂದು ಅಂಕಿ, ಎಷ್ಟು ಉದ್ದ ಹೊಂದಿತು ಎಂಬುದನ್ನು, ಮೊದಲು ನೋಡಬೇಕು.

ತಪ್ಪು ಕಲ್ಪನೆ: “ಇ-ಮೌಲ್ಯ ಸೊನ್ನೆ ಬಂತು, ಹೆಸರು ಖಾತ್ರಿ.”

ಅಷ್ಟು ದೊಡ್ಡ ಭಂಡಾರದಲ್ಲಿ ಇಷ್ಟು ಒಳ್ಳೆಯ ಹೋಲಿಕೆಗಳು ಬರೀ ಆಕಸ್ಮಿಕವಾಗಿ ಎಷ್ಟು ಸಿಕ್ಕಾವು ಎಂಬ ಲೆಕ್ಕವೇ ಇ-ಮೌಲ್ಯ. ಸೊನ್ನೆ ಎಂದರೆ ಹೋಲಿಕೆ ಆಕಸ್ಮಿಕವಲ್ಲ, ಅಷ್ಟೇ. ಅಣ್ಣ-ತಮ್ಮಂದಿರಂಥ ಎರಡು ಪ್ರಭೇದಗಳಿಗೂ ಸೊನ್ನೆ ಬರಬಹುದು.

ತಪ್ಪು ಕಲ್ಪನೆ: “ಪಟ್ಟಿಯಲ್ಲಿ ಮೊದಲು ಬಂದದ್ದೇ ಸರಿ.”

ನನಗೆ ಹೆಚ್ಚು ಆತಂಕ ಇದರದ್ದೇ. ಕೀಟದ ಅಕ್ಷರಗಳು ಭಂಡಾರದಲ್ಲಿ ಇಲ್ಲದಿದ್ದರೆ ಸಾಧನ ಹತ್ತಿರದ ನೆಂಟನನ್ನು ತಂದು ಮೇಲೆ ಕೂರಿಸುತ್ತದೆ. ಹೆಸರುಗಳನ್ನು ಬರೆದವರು ಮಾದರಿ ಸಲ್ಲಿಸಿದ ಸಂಶೋಧಕರು. ಅವರು ಗುರುತಿಸುವಾಗ ಎಡವಿದ್ದರೆ ಆ ತಪ್ಪು ಹೆಸರೇ ನಮ್ಮ ಹೊಲಕ್ಕೆ ಬರುತ್ತದೆ, ಅದನ್ನು ನಂಬಿ ಎಣ್ಣೆ ಹೊಡೆದರೆ ದುಡ್ಡೂ ಹೋಗುತ್ತದೆ, ನುಸಿಯನ್ನು ತಿನ್ನುವ ಕೀಟಗಳೂ ಸಾಯುತ್ತವೆ.

ಹತ್ತಿರದ ನೆಂಟನೂ ಸಿಗದೆ ದೂರದ ನೆಂಟಸ್ತಿಕೆ ಹುಡುಕಬೇಕಾದಾಗ ಡಿಎನ್‌ಎಗಿಂತ ಪ್ರೋಟೀನ್ ಹೋಲಿಕೆ ಮೇಲು. ಅಲ್ಲಿ ಡಿಎನ್‌ಎಯಂತೆ ನಾಲ್ಕಲ್ಲ, 20 ಅಕ್ಷರ. ಡಿಎನ್‌ಎಯ ಅಕ್ಷರ ಬದಲಾದರೂ ಎಷ್ಟೋ ಸಲ ಪ್ರೋಟೀನ್ ಹಾಗೇ ಉಳಿದಿರುತ್ತದೆ.

ಬ್ಲಾಸ್ಟ್ ಒಂದನ್ನೇ ನಂಬುವಂತಿಲ್ಲವಾದ್ದರಿಂದ, ಪರೀಕ್ಷೆಗೆ ಕಳಿಸುವಾಗ ಎಲ್ಲ ನುಸಿಯನ್ನೂ ಡಿಎನ್‌ಎಗಾಗಿ ಅರೆಯಲು ಕೊಡಬೇಡಿ. ಕೆಲವನ್ನು ಆಲ್ಕೋಹಾಲಿನಲ್ಲಿ ಇಡಿಯಾಗಿ ಇಟ್ಟು, ಯಾವ ಊರಿನ ಹೊಲ, ಎಲೆಯದೋ ಹೂವಿನದೋ, ಯಾವ ತಾರೀಖು ಎಂದು ಚೀಟಿ ಬರೆದು ಜೊತೆಗೆ ಕಳಿಸಿ. ಸೂಕ್ಷ್ಮದರ್ಶಕದಡಿ ಕೀಟತಜ್ಞರು ನೋಡುವುದು ಅವನ್ನೇ.