ಪಾದಚಾರಿಗೆ ಕಾರು ಡಿಕ್ಕಿಯಾದರೆ: ಹೊಣೆ ಯಾರದು, ಪರಿಹಾರ ಎಷ್ಟು?



ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಾಟಿ ದಾಟಿ ಸೇಲಂಗೆ ಬರುವ ರಾಷ್ಟ್ರೀಯ ಹೆದ್ದಾರಿ 44 ನಮಗೆಲ್ಲ ಪರಿಚಿತ. ಶಾಲೆಗೆ, ಸಂತೆಗೆ, ಬಸ್ಸಿಗೆ ಎಂದು ನಮ್ಮವರು ದಿನವೂ ಇಂಥ ರಸ್ತೆಗಳನ್ನು ದಾಟುತ್ತಾರೆ. ಮಾದಪ್ಪನ ಬೆಟ್ಟಕ್ಕೆ, ಪಳನಿಗೆ ಕಾಲ್ನಡಿಗೆಯಲ್ಲಿ ಹೋಗುವವರೂ ಇದ್ದಾರೆ. ಕಾರು ಡಿಕ್ಕಿಯಾದಾಗ "ಕೇಸು ಬೇಡ, ಆಸ್ಪತ್ರೆ ಖರ್ಚು ಕೊಡುತ್ತೇವೆ" ಎಂಬ ಮಾತಿಗೆ ಒಪ್ಪಿ ಸಹಿ ಹಾಕಿಬಿಡುವ ಕುಟುಂಬಗಳಿವೆ. ಹಾಗೆ ಮಾಡಬೇಡಿ ಎಂದು ತಿಳಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಚಿಕಿತ್ಸೆ

108ಕ್ಕೆ ಕರೆ ಮಾಡಿ. ತಮಿಳುನಾಡು ಸರ್ಕಾರದ 'ಇನ್ನುಯಿರ್ ಕಾಪ್ಪೋಮ್' ಯೋಜನೆ 2021ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಈ ರಾಜ್ಯದೊಳಗೆ ಅಪಘಾತವಾದರೆ, ಗಾಯಾಳು ಯಾವ ರಾಜ್ಯದವರೇ ಆಗಿರಲಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಗಳ ಚಿಕಿತ್ಸೆ ನಿಗದಿತ ಮಿತಿಯವರೆಗೆ ಉಚಿತ.

ಹಣ ಕೊಡುವವರು ಯಾರು?

ಚಾಲಕನ ತಪ್ಪಿಗೆ ಕಾರಿನ ಮಾಲೀಕರೂ ಹೊಣೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ ಸಾಮಾನ್ಯವಾಗಿ ವಿಮಾ ಕಂಪನಿಯೇ ಹಣ ಕಟ್ಟುತ್ತದೆ. ವಿಮೆ ಇಲ್ಲದಿದ್ದರೆ ಮಾಲೀಕರೇ ಕಟ್ಟಬೇಕು. ಕಾರು ಮಾರಿದ ಸದಸ್ಯರು ಗಮನಿಸಿ: ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದ್ದರೆ ಹೊಣೆ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಎಷ್ಟು ಸಿಗುತ್ತದೆ?

ಒಂದು ಲೆಕ್ಕ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, ಸ್ವಂತ ಉದ್ಯೋಗದ 35 ವರ್ಷದವರೊಬ್ಬರು ತೀರಿಕೊಂಡರು. ಹೆಂಡತಿ, ಇಬ್ಬರು ಮಕ್ಕಳು ಅವರನ್ನು ನಂಬಿದ್ದರು ಎಂದಿಟ್ಟುಕೊಳ್ಳಿ. 2009 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳ ಪ್ರಕಾರ, ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ. 40 ಸೇರಿಸಿದರೆ 21,000. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ನಿಗದಿಯಾದ ಗುಣಕ 16. ಒಟ್ಟು 26,88,000 ರೂಪಾಯಿ. ಅಂತ್ಯಕ್ರಿಯೆ ಮುಂತಾದವಕ್ಕೆ ಬೇರೆ ಮೊತ್ತ ಸೇರುತ್ತದೆ. ರಸ್ತೆಬದಿಯ ರಾಜಿಯಲ್ಲಿ ಕೈಬಿಟ್ಟು ಹೋಗುವುದು ಇಷ್ಟು ಹಣ.

ರಸ್ತೆ ದಾಟುವವರದೂ ತಪ್ಪಿದೆ ಎಂದಾದರೆ ಅವರ ಪಾಲಿನಷ್ಟು ಕಡಿಮೆಯಾಗಬಹುದು. ತಪ್ಪು ಯಾರದೆಂದು ಸಾಬೀತು ಮಾಡದೆಯೇ 164ನೇ ಕಲಂ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿಯೂ ಇದೆ. ಯಾವುದು ಲೇಸೆಂದು ವಕೀಲರನ್ನು ಕೇಳಿ ತೀರ್ಮಾನಿಸಿ.

ಗುದ್ದಿ ಓಡಿಹೋದರೆ?

ವಾಹನ ಪತ್ತೆಯಾಗದಿದ್ದರೂ ನಿರಾಶರಾಗಬೇಡಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅಪಘಾತವಾದ ತಾಲ್ಲೂಕಿನ ತಹಶೀಲ್ದಾರ್ ಅಥವಾ ಕಂದಾಯ ಉಪವಿಭಾಗದ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಎಲ್ಲಿ, ಯಾವಾಗ ಅರ್ಜಿ?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನಲ್ಲೂ ಹಾಕಬಹುದು. ನಮ್ಮನ್ನು ನೋಡಲು ಬೆಂಗಳೂರಿನಿಂದ ಬಂದ ನೆಂಟರಿಗೆ ಧರ್ಮಪುರಿಯಲ್ಲಿ ಕಾರು ಗುದ್ದಿದರೆ ಅವರು ಬೆಂಗಳೂರಿನಲ್ಲೇ ಕೇಳಬಹುದು. ಚಾಲಕನ ಮೇಲಿನ ಪೊಲೀಸ್ ಕೇಸು ಬೇರೆ, ಪರಿಹಾರದ ಅರ್ಜಿ ಬೇರೆ.

ಎಫ್‌ಐಆರ್ ಪ್ರತಿ, ಕಾರಿನ ನಂಬರು, ಆಸ್ಪತ್ರೆಯ ಬಿಲ್ಲುಗಳು, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಆದಾಯದ ಪುರಾವೆ, ಇವನ್ನೆಲ್ಲ ಜೋಪಾನವಾಗಿಡಿ.

ಕೊನೆಯದಾಗಿ ಒಂದು ಮಾತು. ಇಲ್ಲಿ ಠಾಣೆಯ ಕಾಗದಗಳು ತಮಿಳಿನಲ್ಲಿರುತ್ತವೆ. ಮನೆಯಲ್ಲಿ ಕನ್ನಡವಷ್ಟೇ ಬಲ್ಲ ಹಿರಿಯರು ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತದಿರಲಿ. ತಮಿಳು ಓದಬಲ್ಲ ನಾವು ಅಂಥ ಹೊತ್ತಿನಲ್ಲಿ ಜೊತೆಗೆ ಹೋಗಿ ಓದಿ ಹೇಳೋಣ.