ಹುಟ್ಟುಹಬ್ಬದ ಎರಡು ಪಟ್ಟಿ: ಯಾರನ್ನ ಕರೆಯೋದು, ಯಾರು ಏನು ಕೊಟ್ಟರು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ವಾರದ ಮಾತು ಬರಹದಲ್ಲಿ ಇಲ್ಲಿದೆ. ವಿಷಯ ಚಿಕ್ಕದು ಅನ್ನಿಸಬಹುದು: ಮಗುವಿನ ಹುಟ್ಟುಹಬ್ಬಕ್ಕೆ ಕರೆಯುವವರ ಪಟ್ಟಿ, ಆಮೇಲೆ ಬಂದ ಉಡುಗೊರೆಗಳ ಪಟ್ಟಿ. ಊರಲ್ಲಾದರೆ ಯಾರನ್ನ ಕರೀಬೇಕು, ಯಾರನ್ನ ಬಿಟ್ಟರೆ ಬೇಜಾರಾಗ್ತಾರೆ ಅನ್ನೋದು ಅಮ್ಮಂದಿರಿಗೆ ಬಾಯಿಪಾಠ. ನೋಯ್ಡಾ, ಗುರುಗ್ರಾಮ, ಇಂದಿರಾಪುರಂ, ದ್ವಾರಕಾ ಅಂತ ಚದುರಿಹೋಗಿರೋ ನಮಗೆ ಆ ನೆನಪಿನ ಕೆಲಸವನ್ನ ಪಟ್ಟಿನೇ ಮಾಡಬೇಕು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮಗಳ 5ನೇ ಹುಟ್ಟುಹಬ್ಬಕ್ಕೆ ವಾಟ್ಸಾಪ್ ಗ್ರೂಪುಗಳನ್ನ ನೋಡಿಕೊಂಡೇ ಪಟ್ಟಿ ಮಾಡಿದ್ದೆ. ಕ್ಲಾಸಿನ ಗ್ರೂಪು, ಟವರ್ ಗ್ರೂಪು, ನಮ್ಮ ಕನ್ನಡದವರ ಗ್ರೂಪು. 26 ಮಕ್ಕಳು ಬಂದರು, ಎಲ್ಲ ಚೆನ್ನಾಗೇ ಆಯ್ತು. ಎರಡು ದಿನ ಆದಮೇಲೆ ಪಾರ್ಕಿನಲ್ಲಿ ಒಬ್ಬಳು ಹುಡುಗಿ ನನ್ನ ಮಗಳನ್ನ ಕೇಳಿದಳು, "ತೇರಾ ಬರ್ತ್‌ಡೇ ಹೋ ಗಯಾ?" ನಮ್ಮ ಗೇಟಿನ ಹತ್ತಿರ ಇಸ್ತ್ರಿ ಮಾಡೋರ ಮಗಳು ಅವಳು. ದಿನಾ ಸಂಜೆ ಜೋಕಾಲಿ ಹತ್ರ ಇಬ್ಬರೂ ಒಟ್ಟಿಗೇ ಆಡೋದು. ಅವರಮ್ಮ ಯಾವ ಗ್ರೂಪಿನಲ್ಲೂ ಇಲ್ಲ, ಹಾಗಾಗಿ ಆ ಹುಡುಗಿ ನನ್ನ ಪಟ್ಟಿಯಲ್ಲೂ ಇರಲಿಲ್ಲ. ಮನೆಗೆ ಬರ್ತಾ ಮಗಳು, "ಅಮ್ಮ, ನೀನು ಅವಳನ್ನ ಕರೀಲೇ ಇಲ್ವಾ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕೇ ಮೊದಲನೇ ಸೂತ್ರ: ಪಟ್ಟಿಯನ್ನ ಫೋನಿನಿಂದ ಶುರು ಮಾಡಬೇಡಿ, ಮಗುವಿನಿಂದ ಶುರು ಮಾಡಿ. "ಊಟದ ಬ್ರೇಕಲ್ಲಿ ಯಾರ ಪಕ್ಕ ಕೂರ್ತೀಯ? ಬಸ್ಸಲ್ಲಿ ಯಾರ ಜೊತೆ? ಪಾರ್ಕಲ್ಲಿ ಯಾರ ಜೊತೆ?" ಅಂತ ಕೇಳಿ ಬರ್ಕೊಳ್ಳಿ. ಆಮೇಲೆ ಗ್ರೂಪುಗಳನ್ನ ನೋಡಿ. ಕ್ಲಾಸಿನಲ್ಲಿ ಒಂದೋ ನಾಲ್ಕೈದು ಜನ ಆಪ್ತರನ್ನ ಮಾತ್ರ ಕರೀರಿ, ಇಲ್ಲಾ ಎಲ್ಲರನ್ನೂ ಕರೀರಿ. 30 ಮಕ್ಕಳಲ್ಲಿ 25 ಮಕ್ಕಳನ್ನ ಕರೆದರೆ ಉಳಿದ ಐದು ಮಕ್ಕಳಿಗೆ ಸೋಮವಾರ ಬೆಳಿಗ್ಗೆ ಅದು ಗೊತ್ತಾಗೇ ಆಗತ್ತೆ.

ಇನ್ನು ತಾರೀಖು. ದೆಹಲಿಯ ಶಾಲೆಗಳಿಗೆ ಬೇಸಿಗೆ ರಜೆ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ನಮ್ಮೂರಲ್ಲಿ ಏಪ್ರಿಲ್, ಮೇ. ಊರಿಂದ ಅಣ್ಣ-ತಮ್ಮಂದಿರ ಮಕ್ಕಳು ಬರಬೇಕು ಅಂದರೆ ಈ ಎರಡೂ ಕೂಡೋ ದಿನ ಕಡಿಮೆ. ನವೆಂಬರ್ ಆದರೆ ಹೊಗೆ ಗಾಳಿ, ಹಾಗಾಗಿ ಲಾನ್ ಬೇಡ, ಹಾಲ್ ಬುಕ್ ಮಾಡಿ. ನವರಾತ್ರಿ ಇಲ್ಲಿ ವರ್ಷಕ್ಕೆ ಎರಡು ಸಲ ಜೋರು, ಚೈತ್ರದಲ್ಲೊಂದು, ಶರದೃತುವಲ್ಲೊಂದು. ಆ ಒಂಬತ್ತು ದಿನ ಎಷ್ಟೋ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟಲ್ಲ. ಕೇಕ್ ಯಾವಾಗಲೂ ಮೊಟ್ಟೆ ಇಲ್ಲದ್ದೇ ಇರಲಿ.

ಆಹ್ವಾನದ ಚಿತ್ರದಲ್ಲಿ ಯೂನಿಕಾರ್ನ್ ಇಲ್ಲದಿದ್ದರೂ ನಡೆಯತ್ತೆ. ಇವು ಇರಲೇಬೇಕು: ಶುರು ಆಗೋ ಹೊತ್ತು ಮತ್ತು ಮುಗಿಯೋ ಹೊತ್ತು, ಟವರ್, ಫ್ಲ್ಯಾಟ್ ನಂಬರ್, ಹೊರಗಿನವರು ಬರಬೇಕಾದ ಗೇಟ್, ಕಾರ್ ನಿಲ್ಲಿಸೋ ಜಾಗ, ಹತ್ತಿರದ ಮೆಟ್ರೋ ಸ್ಟೇಷನ್. ಮೈಗೇಟ್ ಥರದ ಆ್ಯಪ್ ಇದ್ದರೆ ಹಿಂದಿನ ರಾತ್ರಿಯೇ ಎಲ್ಲರ ಎಂಟ್ರಿ ಹಾಕಿಡಿ. ಇಲ್ಲಾಂದ್ರೆ ಕೇಕ್ ಕತ್ತರಿಸೋ ಹೊತ್ತಿಗೆ ನೀವು ಗಾರ್ಡ್ ಫೋನಿಗೆ ಉತ್ತರ ಕೊಡ್ತಾ ನಿಂತಿರ್ತೀರಿ.

ಕರೆದಾಗ "ಬರ್ತೀರಾ?" ಅಂತ ಕೇಳಿದರೆ ಸಾಲದು. ನಮ್ಮವರು "ನೋಡ್ತೀವಿ" ಅಂದರೆ ಬಹುಪಾಲು ಬರಲ್ಲ. ಗ್ರೂಪಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಬರ್ತಾರೆ ಅಂತಲೂ ಅಲ್ಲ. "ಎಷ್ಟು ಮಕ್ಕಳು, ಎಷ್ಟು ದೊಡ್ಡವರು?" ಅಂತ ಕೇಳಿ. ಆಗ ತಮ್ಮ, ತಂಗಿ ಜೊತೆಗೆ ಬರೋದೂ ಗೊತ್ತಾಗತ್ತೆ, ಅಪ್ಪ-ಅಮ್ಮ ಬಿಟ್ಟು ಹೋಗ್ತಾರೋ ಕೂರ್ತಾರೋ ಅನ್ನೋದೂ ಗೊತ್ತಾಗತ್ತೆ. ಗುರುಗ್ರಾಮದಿಂದ ನೋಯ್ಡಾಗೆ ಬರೋ ಕನ್ನಡದವರನ್ನ ಎರಡು ಗಂಟೆಯ ಕೇಕ್ ಪಾರ್ಟಿಗೆ ಕರೀಬೇಡಿ. ಶನಿವಾರ ಸಂಜೆ ಸೊಸೈಟಿ ಮಕ್ಕಳು, ಭಾನುವಾರ ಮಧ್ಯಾಹ್ನ ನಮ್ಮವರು, ಬಿಸಿಬೇಳೆಬಾತು, ಪಾಯಸ. ಮಕ್ಕಳು ಒಂದು ಮಧ್ಯಾಹ್ನವಾದರೂ ಕನ್ನಡದಲ್ಲಿ ಜಗಳ ಆಡ್ತಾರೆ.

ಇಷ್ಟೆಲ್ಲ ಒಂದೇ ಶೀಟಿನಲ್ಲಿರಲಿ. ಮಗುವಿನ ಹೆಸರು, ಅಪ್ಪ-ಅಮ್ಮನ ಹೆಸರು, ಫ್ಲ್ಯಾಟ್, ಫೋನ್, ಎಷ್ಟು ಜನ, ಊಟದಲ್ಲಿ ಏನು ಆಗಲ್ಲ, ಏನು ಕೊಟ್ಟರು, ಥ್ಯಾಂಕ್ಸ್ ಹೇಳಿದ್ವಾ, ರಿಟರ್ನ್ ಗಿಫ್ಟ್ ಹೋಯ್ತಾ. ನಮ್ಮ ಭಾಷೇಲೇ ಹೇಳೋದಾದರೆ, ಹೆಸರನ್ನ ಪ್ರೈಮರಿ ಕೀ ಮಾಡಬೇಡಿ. ಒಂದೇ ಸೊಸೈಟೀಲಿ ಮೂರು ಜನ ಆರವ್ ಇರ್ತಾರೆ. ಫೋನ್ ನಂಬರ್ ಇಟ್ಕೊಳ್ಳಿ. ಫೋನ್ ಇಲ್ಲದವರಿಗೆ ಒಂದು ಗುರುತು ಬರೆದುಕೊಂಡು, ಮನೆಗೇ ಹೋಗಿ ಕರೀರಿ.

ಈಗ ಉಡುಗೊರೆ ಪಟ್ಟಿ. ಇದರಲ್ಲಿ ಎರಡು ಥರ. ಒಂದು, ಏನು ಬೇಕು ಅಂತ ಮೊದಲೇ ಕೊಡೋ ಪಟ್ಟಿ. ಷಿಕಾಗೋದ ಮಾರ್ಷಲ್ ಫೀಲ್ಡ್ಸ್ ಅಂಗಡಿ 1924ರಲ್ಲಿ ಮದುವೆ ಹೆಣ್ಣುಗಳಿಗಾಗಿ ಇಂಥದ್ದನ್ನ ಶುರು ಮಾಡಿತ್ತು. ನಮ್ಮಲ್ಲಿ ಕೇಳದೇ ಕಳಿಸಿದರೆ ಒರಟಾಗಿ ಕಾಣತ್ತೆ, ಆದರೆ "ಮಗೂಗೆ ಏನು ತರೋಣ?" ಅಂತ ಕೇಳಿದವರಿಗೆ ಹೇಳೋಕೆ ನಾಲ್ಕೈದು ಹೆಸರು ಸಿದ್ಧವಿರಲಿ. "ಏನೂ ಬೇಡ" ಅಂದರೆ ಕೆಲವರು ತರ್ತಾರೆ, ಮಾತು ಕೇಳಿ ತರದವರು ಮುಜುಗರ ಪಡ್ತಾರೆ. ನಾನು "ಒಂದು ಪುಸ್ತಕ ಸಾಕು" ಅಂತೀನಿ.

ಎರಡನೇದು, ಬಂದಿದ್ದನ್ನ ಬರೆದಿಡೋ ಪಟ್ಟಿ. ಇದು ನಮಗೆ ಹೊಸದಲ್ಲ. ಮೈಸೂರು, ಮಂಡ್ಯ ಕಡೆ ಮದುವೆ ಮನೇಲಿ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೀತಾ ಕೂರೋದನ್ನ ನೀವೂ ನೋಡಿರ್ತೀರಿ. ಯಾರು ಎಷ್ಟು ಕೊಟ್ಟರು ಅಂತ ಬರೆದು, ಅವರ ಮನೆ ಮದುವೆಗೆ ತಿರುಗಿ ಹಾಕೋದು. ಖರ್ಚಿನ ಹೊತ್ತಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಡೋ ಏರ್ಪಾಡು ಅದು. ಇಲ್ಲಿನವರ 101, 501 ರೂಪಾಯಿ ಶಗುನ್ ಲಕೋಟೆ ಅದರ ಬಂಧುವೇ. ಆದರೆ ಮುಯ್ಯಿ ಅನ್ನೋ ಮಾತಿಗೆ ಇನ್ನೊಂದು ಅರ್ಥನೂ ಇದೆ ನೋಡಿ. ಮುಯ್ಯಿ ತೀರಿಸಿಕೊಳ್ಳೋದು ಅಂದರೆ ಸೇಡು ತೀರಿಸಿಕೊಳ್ಳೋದು. ಲೆಕ್ಕ ಯಾವಾಗ ಸ್ನೇಹ, ಯಾವಾಗ ಹಗೆ ಅನ್ನೋದು ಬರೆಯೋರ ಮನಸ್ಸಿನಲ್ಲಿದೆ.

ಅದಕ್ಕೇ ನನ್ನ ಶೀಟಿನಲ್ಲಿ ಲಕೋಟೆಯ ಹಣ ಬಿಟ್ಟು ಬೇರೆ ಯಾವುದಕ್ಕೂ ಬೆಲೆಯ ಕಾಲಂ ಇಲ್ಲ. ಉಡುಗೊರೆಗಳನ್ನ ಎಲ್ಲರೂ ಹೋದಮೇಲೆ ಬಿಚ್ಚಿ. ಒಬ್ಬರು ಬಿಚ್ಚೋದು, ಒಬ್ಬರು ಬರೆಯೋದು. ಹೆಸರಿನ ಚೀಟಿ ಇರೋ ಕಾಗದವನ್ನ ಮಗು ಹರಿಯೋ ಮುಂಚೆ ಒಂದು ಫೋಟೋ. ವಾರದೊಳಗೆ "ನೀವು ಕೊಟ್ಟ ಬಣ್ಣದ ಪೆನ್ಸಿಲಲ್ಲಿ ಇವತ್ತು ಆನೆ ಬರೆದಳು" ಅಂತ ಒಂದು ಸಾಲು ಕಳಿಸಿ. ಬರೀ ಥ್ಯಾಂಕ್ಸ್‌ಗಿಂತ ಅದು ಚೆಂದ.

ರಿಟರ್ನ್ ಗಿಫ್ಟ್ ಎಲ್ಲ ಮಕ್ಕಳಿಗೂ ಒಂದೇ ಇರಲಿ, ಲೆಕ್ಕಕ್ಕಿಂತ ಮೂರು ಹೆಚ್ಚಿಗೆ ತನ್ನಿ. ಡಜನ್‌ಗಟ್ಟಲೆ ಬೇಕಾದರೆ ಸದರ್ ಬಜಾರ್ ಇದೆ. ನನಗೆ ಇಷ್ಟ ಆಗೋದು ಪುಸ್ತಕ. 1957ರಲ್ಲೇ ಶುರುವಾದ ಎರಡು ಸಂಸ್ಥೆ ಈ ಊರಲ್ಲಿವೆ: ವ್ಯಂಗ್ಯಚಿತ್ರಕಾರ ಶಂಕರ್ ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಬಹಾದ್ದೂರ್ ಷಾ ಜಫರ್ ಮಾರ್ಗದಲ್ಲಿ. ನ್ಯಾಷನಲ್ ಬುಕ್ ಟ್ರಸ್ಟ್, ವಸಂತ ಕುಂಜ್‌ನಲ್ಲಿ. ಇವರು ಕನ್ನಡದಲ್ಲೂ ಮಕ್ಕಳ ಪುಸ್ತಕ ತರ್ತಾರೆ.

ಕೊನೆಗೆ, 6ನೇ ಹುಟ್ಟುಹಬ್ಬದ ಪಟ್ಟಿಯಲ್ಲಿ ಮೊದಲ ಹೆಸರು ಇಸ್ತ್ರಿಯವರ ಹುಡುಗಿಯದು. ಅವರ ಮೇಜಿನ ಹತ್ರ ನಾನೂ ಮಗಳೂ ಹೋಗಿ ಕರೆದ್ವಿ. ಅವಳು ಬಂದಳು, ಎರಡು ಹೇರ್‌ಕ್ಲಿಪ್ ತಂದಿದ್ದಳು. ಶೀಟಿನಲ್ಲಿ ಅದಕ್ಕೂ ಒಂದು ಸಾಲು, ದೊಡ್ಡ ಪೆಟ್ಟಿಗೆಯಲ್ಲಿ ಬಂದ ರೈಲಿಗೂ ಒಂದು ಸಾಲು. ಮಗಳು ಶಾಲೆಗೆ ಹಾಕ್ಕೊಂಡು ಹೋಗೋದು ಆ ಕ್ಲಿಪ್ಪೇ.