ಹವಾನಾ: ಸರತಿಯಲ್ಲಿ ನಿಂತ ಸುದ್ದಿ

ಹವಾನಾದ ವೆದಾದೊ ಬಡಾವಣೆಯಲ್ಲಿ ಬಹುತೇಕ ರಸ್ತೆಗಳಿಗೆ ಅಂಕಿ, ಅಕ್ಷರಗಳೇ ಹೆಸರು. 23ನೇ ರಸ್ತೆ ಸಮುದ್ರದತ್ತ ಇಳಿಯುವ ಭಾಗವನ್ನು ಊರಿನವರು ಲಾ ರಾಂಪಾ ಎನ್ನುತ್ತಾರೆ. ಇಳಿಜಾರಿನ ಮೇಲ್ತುದಿಯಲ್ಲಿ, ‘ಎಲ್’ ರಸ್ತೆ ಸೇರುವಲ್ಲಿ, 1966ರಲ್ಲಿ ಶುರುವಾದ ಕೊಪೇಲಿಯಾ ಐಸ್‌ಕ್ರೀಂ ಉದ್ಯಾನವಿದೆ. ಎದುರಿಗೆ ಹೋಟೆಲ್ ಹಬಾನಾ ಲಿಬ್ರೆ. 1958ರಲ್ಲಿ ಹಿಲ್ಟನ್ ಹೆಸರಿನಲ್ಲಿ ಬಾಗಿಲು ತೆರೆದ ಈ ಕಟ್ಟಡ ಮರುವರ್ಷವೇ ಫಿಡೆಲ್ ಕ್ಯಾಸ್ಟ್ರೊ ಅವರ ಠಾಣ್ಯವಾಯಿತು. ಇನ್ನಷ್ಟು ಕೆಳಗಿಳಿದರೆ ಸರ್ಕಾರಿ ರೇಡಿಯೊ-ಟಿವಿ ಕಟ್ಟಡ, ಅದನ್ನೂ ದಾಟಿ ‘ಒ’ ರಸ್ತೆಯ ಮೂಲೆಗೆ ಬಂದರೆ ಅಂತರರಾಷ್ಟ್ರೀಯ ಪತ್ರಿಕಾ ಕೇಂದ್ರ. ವಿದೇಶಾಂಗ ಸಚಿವಾಲಯದ ಈ ಕಚೇರಿ ಕೊಡುವ ಮಾನ್ಯತೆ ಇಲ್ಲದೆ ಹೊರದೇಶದ ವರದಿಗಾರ ಕ್ಯೂಬಾದಲ್ಲಿ ಅಧಿಕೃತವಾಗಿ ಕೆಲಸ ಮಾಡುವಂತಿಲ್ಲ. ಐಸ್‌ಕ್ರೀಮಿನ ಸರತಿಯಿಂದ ಅನುಮತಿಯ ಮೇಜಿನವರೆಗೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷವೂ ಇಲ್ಲ. ಈ ದೇಶದ ಬಗ್ಗೆ ಕಾಲಕ್ಕೆ ನಿಂತ ವರದಿಗಳು ಬಂದಿರುವುದು ಹೆಚ್ಚಾಗಿ ಮೇಲಿನ ಸರತಿಯಿಂದ, ಕೆಳಗಿನ ಮೇಜಿನಿಂದಲ್ಲ.

ಅಧಿಕಾರದ ಬಾಗಿಲು ಇಲ್ಲಿ ಎಷ್ಟು ಬಿಗಿ ಎಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 1965ರಿಂದ ಹೊರಬರುತ್ತಿರುವ ಗ್ರಾನ್ಮಾ ಕಮ್ಯುನಿಸ್ಟ್ ಪಕ್ಷದ ಮುಖವಾಣಿ. ಪ್ರಮುಖ ಮಾಧ್ಯಮಗಳು ಖಾಸಗಿ ಒಡೆತನದಲ್ಲಿ ಇರುವಂತಿಲ್ಲ ಎಂದು 2019ರ ಸಂವಿಧಾನವೇ ಹೇಳುತ್ತದೆ. 2006ರ ಜುಲೈ 31ರ ರಾತ್ರಿ ಫಿಡೆಲ್ ಅಧಿಕಾರ ಬಿಟ್ಟುಕೊಟ್ಟ ಸುದ್ದಿ ಟಿವಿಯಲ್ಲಿ ಓದಿದ ಒಂದು ಹೇಳಿಕೆಯ ಮೂಲಕ ಬಂತು. ಊರಲ್ಲೇ ಮನೆ ಮಾಡಿಕೊಂಡಿದ್ದ ವರದಿಗಾರರಿಗೂ ನೆರೆಮನೆಯವರಿಗೂ ಅದು ತಿಳಿದದ್ದು ಒಟ್ಟಿಗೇ. 2014ರ ಡಿಸೆಂಬರ್ 17ರಂದು ಒಬಾಮ ಮತ್ತು ರೌಲ್ ಕ್ಯಾಸ್ಟ್ರೊ ರಾಜತಾಂತ್ರಿಕ ಸಂಬಂಧ ಮರಳಿ ಬೆಸೆಯುವುದಾಗಿ ಸಾರಿದಾಗಲೂ ಅಷ್ಟೆ. ಮಾತುಕತೆ ತಿಂಗಳುಗಟ್ಟಲೆ ನಡೆದಿತ್ತು, ಕೆನಡಾದಲ್ಲಿ, ವ್ಯಾಟಿಕನ್‌ನಲ್ಲಿ, ಗುಟ್ಟಾಗಿ. ಒಳಮನೆಯ ರಾಜಕೀಯವನ್ನು ಹೊರಗೆ ನಿಂತು ಊಹಿಸಹೊರಟವರ ಪಾಡು ಇನ್ನೂ ಕಷ್ಟದ್ದು. ಸೋವಿಯತ್ ಒಕ್ಕೂಟ ಕುಸಿದ ಬೆನ್ನಿಗೆ, 1992ರಲ್ಲಿ, ಮಿಯಾಮಿ ಹೆರಾಲ್ಡ್‌ನ ಆಂದ್ರೆಸ್ ಒಪ್ಪೆನ್‌ಹೈಮರ್ ‘ಕ್ಯಾಸ್ಟ್ರೋಸ್ ಫೈನಲ್ ಅವರ್’ ಎಂಬ ಪುಸ್ತಕ ಬರೆದರು. ಶ್ರಮವಹಿಸಿ ಬರೆದ ಪುಸ್ತಕವೇ. ಆ ಕೊನೆಯ ಗಳಿಗೆ ಮಾತ್ರ ಬರಲಿಲ್ಲ. ಫಿಡೆಲ್ ಮುಂದೆ 14 ವರ್ಷ ಆಳಿದರು, 24 ವರ್ಷ ಬದುಕಿದರು. ನಾಯಕನ ಹತ್ತಿರವೇ ಹೋಗಿ ಬಂದವರಿಗಾದರೂ ಪೂರ್ತಿ ಚಿತ್ರ ಸಿಕ್ಕಿತೇ? 1957ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಹರ್ಬರ್ಟ್ ಮ್ಯಾಥ್ಯೂಸ್ ಸಿಯೆರಾ ಮಾಯೆಸ್ತ್ರಾ ಬೆಟ್ಟ ಹತ್ತಿ, ಸತ್ತಿದ್ದಾನೆಂದು ಸರ್ಕಾರ ಹೇಳುತ್ತಿದ್ದ ಫಿಡೆಲ್‌ನನ್ನು ಕಂಡುಬಂದರು. ಅದೊಂದು ದೊಡ್ಡ ಸುದ್ದಿ, ಸಂಶಯವಿಲ್ಲ. ಆದರೆ ಬಂಡುಕೋರರ ಪಡೆ ಅವರು ತಿಳಿದುಕೊಂಡದ್ದಕ್ಕಿಂತ ಬಹಳ ಚಿಕ್ಕದಿತ್ತು.

ಸರತಿಯಲ್ಲಿ ಮುಚ್ಚಿಡುವುದು ಕಷ್ಟ. ಕ್ಯೂಬಾದ ಸರತಿ ನೋಡಲು ಸಾಲಿನಂತಿರುವುದಿಲ್ಲ. ಹೊಸದಾಗಿ ಬಂದವರು ಕೊನೆಯವರು ಯಾರೆಂದು ಗಟ್ಟಿಯಾಗಿ ಕೇಳುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. ಅನುಭವಸ್ಥರು ಅಷ್ಟಕ್ಕೇ ಸುಮ್ಮನಾಗದೆ, ನೀವು ಯಾರ ಹಿಂದೆ ಎಂದೂ ವಿಚಾರಿಸಿಕೊಳ್ಳುತ್ತಾರೆ, ಮುಂದಿನವರು ಬೇಸತ್ತು ಮನೆಗೆ ಹೋದರೆ ಕೊಂಡಿ ತಪ್ಪಬಾರದಲ್ಲ! ಆಮೇಲೆ ಇನ್ನೊಬ್ಬರು ಬಂದು ಕೇಳುವವರೆಗೆ ‘ಕೊನೆಯವರು’ ಎಂಬ ಪದವಿ ಇವರದು. ಅದನ್ನು ದಾಟಿಸಿದ ಮೇಲೆ ಎದುರಿನ ನೆರಳಿಗೆ ಹೋಗಿ ಕೂರಬಹುದು, ಬೇರೊಂದು ಅಂಗಡಿಯಲ್ಲಿ ಇನ್ನೊಂದು ಸರತಿ ಹಿಡಿದು ಬರಬಹುದು. ಸಾಲೇ ಇಲ್ಲದ ಈ ಸಾಲು ನೆನಪು ಮತ್ತು ಮಾತಿನ ಮೇಲೆ ನಿಂತಿದೆ. ಆದ್ದರಿಂದ ಮಾತಾಡದೆ ವಿಧಿಯಿಲ್ಲ. ಕೋಳಿಮಾಂಸ ಯಾವ ಅಂಗಡಿಗೆ ಬಂದಿದೆ, ಯಾವ ಔಷಧ ಎಷ್ಟು ದಿನದಿಂದ ಇಲ್ಲ, ಯಾರ ಮಗಳು ದೇಶ ಬಿಟ್ಟಳು ಎಲ್ಲವೂ ಅಲ್ಲೇ ಕಿವಿಗೆ ಬೀಳುತ್ತವೆ. ಮಂತ್ರಿಯ ಸಂದರ್ಶನಕ್ಕೆ ಅರ್ಜಿ ಹಾಕಿ ಕಾಯುವ ವರದಿಗಾರನಿಗೆ ಇದಕ್ಕಿಂತ ಒಳ್ಳೆಯ ಪೀಠ ಬೇರೆಲ್ಲಿದೆ?

ಬೀದಿಯ ಗೊಣಗಾಟ ಸುದ್ದಿಯಾದೀತೇ ಎಂದು ಕೇಳುವವರಿದ್ದಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಒಂದು ಕೋಟಿ ಜನರ ದೇಶವನ್ನು ಹಾಗೆ ಹಿಚುಕಿ ನೋಡಲಾಗದು ಎಂಬ ಅವರ ಮಾತು ನ್ಯಾಯವೇ. ಆದರೆ ಸರತಿಯಲ್ಲಿ ಸಿಗುವುದು ಬರೀ ಅಭಿಪ್ರಾಯವಲ್ಲ. ತೂಗಿ ನೋಡಬಹುದಾದ ಸಂಗತಿಗಳೂ ಸಿಗುತ್ತವೆ. 1962ರಲ್ಲಿ ಬಂದ ಪಡಿತರ ಪುಸ್ತಕದಲ್ಲಿ ಪ್ರತಿ ಮನೆಯ ಬಾಬ್ತು ಬರೆದಿರುತ್ತದೆ. ತಲೆಗೆ ದಿನಕ್ಕೊಂದರಂತೆ ಕೊಡುವ ಬನ್ನು 2024ರ ಸೆಪ್ಟೆಂಬರ್‌ನಲ್ಲಿ 80 ಗ್ರಾಮಿನಿಂದ 60 ಗ್ರಾಮಿಗೆ ಇಳಿಯಿತು. ಅದೇ ವರ್ಷದ ಆರಂಭದಲ್ಲಿ ಮಕ್ಕಳ ಹಾಲಿನ ಪುಡಿಗಾಗಿ ಸರ್ಕಾರ ವಿಶ್ವ ಆಹಾರ ಕಾರ್ಯಕ್ರಮದ ನೆರವು ಕೇಳಿತ್ತು. 2021ರ ಜನವರಿ 1ರಂದು ಜೋಡಿ ಕರೆನ್ಸಿ ರದ್ದಾದಾಗ ಡಾಲರಿಗೆ 24 ಪೆಸೊ ಎಂದು ಗೊತ್ತುಮಾಡಿದ್ದರು. 2024ರಲ್ಲಿ ಬೀದಿಯ ದರ 300 ದಾಟಿತ್ತು. ಇವೆರಡರಲ್ಲಿ ತರಕಾರಿ ಅಂಗಡಿಯವನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಯಾವುದು ಎಂಬುದನ್ನು ತಿಳಿಯಲು ಅರ್ಥಶಾಸ್ತ್ರಜ್ಞನೇ ಬೇಕಿಲ್ಲ. ಅಧಿಕೃತ ಅಂಕಿ ಎಷ್ಟೋ ಸಲ ಬೀದಿಯ ಹಿಂದೆ ಏದುಸಿರು ಬಿಡುತ್ತ ಬರುತ್ತದೆ. ಒಳಗಿನ ಸಾಮಾನು ಸಮೇತ ಮಾರಾಟಕ್ಕಿಟ್ಟ ಮನೆಗಳ ಬಗ್ಗೆ, ಅಜ್ಜ ಅಜ್ಜಿ ಮಾತ್ರ ಉಳಿದ ಕುಟುಂಬಗಳ ಬಗ್ಗೆ ಅದಾಗಲೇ ವರದಿಗಳು ಬಂದಿದ್ದವು. 2022-23ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ದೇಶ ತೊರೆದರೆಂದು ಸರ್ಕಾರದ ಸಂಖ್ಯಾಶಾಸ್ತ್ರ ಕಚೇರಿ ಒಪ್ಪಿಕೊಂಡದ್ದು 2024ರ ಜುಲೈನಲ್ಲಿ.

ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದ್ದು. ವರದಿಗಾರ ಸರತಿಯನ್ನು ನೋಡುತ್ತಾನೆ, ಅದನ್ನು ಬದುಕುವುದಿಲ್ಲ. ಅವನ ಸಂಬಳ ಡಾಲರಿನಲ್ಲಿ ಅಥವಾ ಯೂರೊದಲ್ಲಿ. ಸರ್ಕಾರಿ ನೌಕರನ ಸರಾಸರಿ ತಿಂಗಳ ಸಂಬಳವನ್ನು ಬೀದಿಯ ದರಕ್ಕೆ ಪರಿವರ್ತಿಸಿದರೆ 20 ಡಾಲರೂ ಆಗದ ಊರು ಅದು. ಕರೆಂಟು ಹೋದರೆ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಕೆಡುವುದು ತಿಂಗಳ ಮಾಂಸ, ಇವನಿಗೆ ತಪ್ಪುವುದು ಒಂದು ಊಟ. ಈ ಅಂತರವನ್ನು ಯಾವ ಬರವಣಿಗೆಯ ಚಳಕವೂ ಅಳಿಸದು. ಹಾಗೆಂದು ನೋಟವೇ ನಿರರ್ಥಕವೆಂದಲ್ಲ, ಅವಧಿ ಮುಖ್ಯವಾಗುತ್ತದೆ. ವಾರಕ್ಕೆಂದು ಬಂದವರು ಹಳೆಯ ಅಮೆರಿಕನ್ ಕಾರು, ಮಲೆಕೋನ್ ದಂಡೆಯ ಸೂರ್ಯಾಸ್ತ, ಸುಣ್ಣ ಉದುರಿದ ಗೋಡೆ ಇಷ್ಟನ್ನೇ ಬರೆದು ಹೊರಡುತ್ತಾರೆ (ಈ ಮೂರನ್ನೂ ಬಿಟ್ಟು ಹವಾನಾದ ಬಗ್ಗೆ ಬರೆದವರಿಗೆ ಬಹುಮಾನ ಕೊಡಬೇಕು). ವರದಿಗಾರ ಮಾರ್ಕ್ ಫ್ರಾಂಕ್ ಥರದವರು ಅಲ್ಲೇ ದಶಕಗಳನ್ನು ಕಳೆದು ಕಬ್ಬಿನ ಫಸಲು, ಬೆಲೆ, ಸಂಬಳಗಳ ಜಾಡು ಹಿಡಿದರು. ಕಳೆದ ವರ್ಷ ಅದೇ ಅಂಗಡಿಯಲ್ಲಿ ಏನಿತ್ತು ಎಂದು ಬಲ್ಲವರಿಗಷ್ಟೇ ಈ ವರ್ಷ ಏನಿಲ್ಲ ಎಂಬುದು ಕಾಣುತ್ತದೆ.

ಉಳಿಯಬೇಕೆಂದರೆ ಮಾನ್ಯತೆ ಬೇಕು, ಮಾನ್ಯತೆ ಉಳಿಯಬೇಕೆಂದರೆ ಪೆನ್ನು ಹಿಡಿತದಲ್ಲಿರಬೇಕು ಎಂಬ ಅನುಮಾನಕ್ಕೆ ಇತಿಹಾಸದ ಬೆಂಬಲವಿದೆ. 1969ರಲ್ಲಿ ಹೊರಗಟ್ಟಿದ ಎಪಿ ಸುದ್ದಿಸಂಸ್ಥೆಯ ಕಚೇರಿ ಮತ್ತೆ ತೆರೆದದ್ದು 1999ರಲ್ಲಿ. 2007ರಲ್ಲಿ ಷಿಕಾಗೊ ಟ್ರಿಬ್ಯೂನ್, ಬಿಬಿಸಿ ಮತ್ತು ಮೆಕ್ಸಿಕೊದ ಎಲ್ ಯೂನಿವರ್ಸಲ್ ವರದಿಗಾರರ ಮಾನ್ಯತೆ ನವೀಕರಣವಾಗಲಿಲ್ಲ. ಎರಡು ದಶಕ ಅಲ್ಲೇ ಬಾಳಿದ ಎಲ್ ಪಾಯಿಸ್ ಪತ್ರಿಕೆಯ ಮೌರಿಸಿಯೊ ವಿಸೆಂತ್ ಅವರ ಸರದಿ 2011ರಲ್ಲಿ ಬಂತು. 2021ರ ನವೆಂಬರ್‌ನಲ್ಲಿ, ಪ್ರತಿಭಟನೆಯೊಂದು ನಿಗದಿಯಾಗಿದ್ದ ಹೊತ್ತಿಗೆ, ಸ್ಪೇನಿನ ಇಎಫ್‌ಇ ಸುದ್ದಿಸಂಸ್ಥೆಯ ತಂಡದ ಮಾನ್ಯತಾ ಕಾರ್ಡುಗಳನ್ನು ಕಿತ್ತುಕೊಂಡು, ಆಮೇಲೆ ಇಬ್ಬರಿಗಷ್ಟೇ ಮರಳಿಸಿದರು. ಭಯ ಪೆನ್ನನ್ನು ಕಟ್ಟಿಹಾಕದೆ ಇರುತ್ತದೆ ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಬನ್ನಿನ ತೂಕ, ಔಷಧದ ಅಭಾವ, ಪೆಸೊ ದರಗಳನ್ನು ಬರೆದಾಗ ಅಲ್ಲಗಳೆಯುವುದು ಸರ್ಕಾರಕ್ಕೂ ಸುಲಭವಲ್ಲ. ಅಂಗಡಿಯ ಮುಂದೆ ನಿಂತವರೆಲ್ಲ ಸಾಕ್ಷಿಗಳು. ಬೀದಿಯ ವರದಿ ವರದಿಗಾರನಿಗೆ ಕೊಡುವ ರಕ್ಷೆ ಇಷ್ಟೇ, ಮತ್ತು ಅದು ಪೂರ್ತಿ ಸಾಲುವುದಿಲ್ಲ. ಮಾತು ಕೊಟ್ಟ ನೆರೆಯವರಿಗೆ ಆ ರಕ್ಷೆಯೂ ಇಲ್ಲ. 1960ರಿಂದ ಕೇರಿಕೇರಿಗೂ ಇರುವ ಕ್ರಾಂತಿ ರಕ್ಷಣಾ ಸಮಿತಿಗಳಿಗೆ ಯಾರ ಮನೆಗೆ ಯಾರು ಬಂದುಹೋದರು ಎಂಬುದು ಗೊತ್ತಿರುತ್ತದೆ. ಸರತಿಯಲ್ಲಿ ಆಡಿದ ಮಾತು ಹೆಸರಿಲ್ಲದೆ ಅಚ್ಚಾಗುವುದು ಸೋಮಾರಿತನದಿಂದಲ್ಲ.

2018ರ ಡಿಸೆಂಬರ್‌ನಲ್ಲಿ ಮೊಬೈಲಿಗೆ ಇಂಟರ್‌ನೆಟ್ ಬಂದ ಮೇಲೆ ಕ್ಯೂಬನ್ನರೇ ವರದಿಗಾರರಾಗಿದ್ದಾರೆ, ಹೊರಗಿನವನೇಕೆ ಎಂದು ಕೇಳಬಹುದು. 2021ರ ಜುಲೈ 11ರಂದು ಸಾನ್ ಆಂತೊನಿಯೊ ದೆ ಲೋಸ್ ಬಾನ್ಯೋಸ್ ಎಂಬ ಸಣ್ಣ ಊರಿನ ಮೆರವಣಿಗೆ ದೇಶಕ್ಕೆ ಹಬ್ಬಿದ್ದು ಫೋನುಗಳ ನೇರಪ್ರಸಾರದಿಂದಲೇ. ಯಾವ ಸುದ್ದಿಸಂಸ್ಥೆಯೂ ಅಷ್ಟು ಬೇಗ ಅಲ್ಲಿರಲಿಲ್ಲ. ಬೀದಿಯ ಡಾಲರ್ ದರವನ್ನು ದಿನವೂ ಪ್ರಕಟಿಸುವ ಎಲ್ ತೋಕೆ ಕೂಡ ಕ್ಯೂಬನ್ ಪತ್ರಕರ್ತರ ಸಾಹಸವೇ. ವೇಗದಲ್ಲಿ, ಒಳನೋಟದಲ್ಲಿ ಅವರೇ ಮುಂದೆ. ಆದರೆ ಅವರಲ್ಲಿ ಅನೇಕರು ಈಗ ದೇಶದೊಳಗಿಲ್ಲ, ಒಳಗಿದ್ದವರಿಗೆ ಮಾನ್ಯತೆಯೂ ಇಲ್ಲ. ಕೋಪ ತಂದ ವರದಿಗೆ ವಿದೇಶಿಯನಿಗಾಗುವ ಶಿಕ್ಷೆ ಬಹುತೇಕ ವೀಸಾ ರದ್ದು. ಕ್ಯೂಬನ್ನನಿಗೆ ವಿಚಾರಣೆ, ಗೃಹಬಂಧನ, ಕೆಲವೊಮ್ಮೆ ಸೆರೆಮನೆ. ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲಿ ‘ಹವಾನಾ (ಎಎಫ್‌ಪಿ)’ ಎಂದು ಕಾಣುವ ನಾಲ್ಕು ಸಾಲು ಬರುವುದು ಇಂಥ ವೀಸಾ ಹಿಡಿದ ಬೆರಳೆಣಿಕೆಯ ಮಂದಿಯಿಂದ. 2024ರ ಅಕ್ಟೋಬರ್ 18ರಂದು ಮತಾನ್ಸಾಸ್‌ನ ಆಂತೊನಿಯೊ ಗಿತೆರಾಸ್ ಸ್ಥಾವರ ಕೈಕೊಟ್ಟು ಇಡೀ ದೇಶ ಕತ್ತಲಾದಾಗ ಕಾರಣವನ್ನು ಸಚಿವಾಲಯ ಹೇಳಿತು. ಆ ರಾತ್ರಿಗಳಲ್ಲಿ ಜನ ಒಲೆ ಹೊತ್ತಿಸಿದ್ದು ಹೇಗೆ, ಮೇಲಿನ ಮಹಡಿಗೆ ನೀರು ಹೊತ್ತದ್ದು ಹೇಗೆ ಎಂಬುದು ಸಚಿವಾಲಯದ ಹೇಳಿಕೆಯಲ್ಲಿ ಇರಲಿಲ್ಲ.